ಜಾಝ್ ಪಿಯಾನೊ: ಕಪ್ಪು ಮನೆಗಳ ಹಾದಿ

ಹಾರ್ಮೋನಿಯಂ ಕಂಡವರಿಗೆ ಮನೆಗಳ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಎಂದು ಎಣಿಸುತ್ತ ಹೋದರೆ ಒಂದು ಸ್ಥಾಯಿಯಲ್ಲಿ ಏಳು ಬಿಳಿ, ಐದು ಕಪ್ಪು. ನಾಟಕದ ಮಾಸ್ತರರೂ ಯಕ್ಷಗಾನದ ಭಾಗವತರೂ ಶ್ರುತಿಯನ್ನು ಗುರುತಿಸುವುದು ಈ ಎಣಿಕೆಯಿಂದಲೇ. ಪಿಯಾನೊದ ಮನೆಗಳೂ ಇವೇ. ಒಟ್ಟು 88 ಎಂಬುದಷ್ಟೇ ವ್ಯತ್ಯಾಸ. ಇದೇ ಮನೆಗಳ ಮೇಲೆ ಅಮೆರಿಕದ ಜಾಝ್ ವಾದಕರು ಕಳೆದ ಶತಮಾನದ ನಡುಭಾಗದಲ್ಲಿ ರೂಢಿಗೆ ತಂದ ಒಂದು ಸ್ವರಶ್ರೇಣಿ ಇದೆ. ಇಂದು ಅದನ್ನು 'ಆಲ್ಟರ್ಡ್ ಸ್ಕೇಲ್' ಎನ್ನುತ್ತಾರೆ. ಬಾಸ್ಟನ್ನಿನಿಂದ ಟೋಕಿಯೋವರೆಗೆ ಜಾಝ್ ಪಿಯಾನೊ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅದನ್ನು ಹನ್ನೆರಡು ಶ್ರುತಿಗಳಲ್ಲಿ, ನಮ್ಮ ಮಕ್ಕಳು ಸರಳೆ ವರಸೆ ಉರುಹೊಡೆಯುವಂತೆ, ಉರುಹೊಡೆಯುತ್ತಾನೆ. ಆದರೆ ಆ ಸ್ವರಗಳನ್ನು ಜಾಝ್‌ನ ಮಾತಾಗಿ ಮಾಡಿದವರ ಬಳಿ ಆ ಹೆಸರೂ ಇರಲಿಲ್ಲ, ಆ ಪಾಠಪುಸ್ತಕವೂ ಇರಲಿಲ್ಲ. ನಾದ ಮೊದಲು ಬಂತು, ಹೆಸರು ಕೆಲವು ದಶಕ ಕಳೆದು ಬಂತು. ಈ ನಡುವೆ ಏನು ಸಿಕ್ಕಿತು, ಏನು ಕಳೆದುಹೋಯಿತು ಎಂಬುದರ ಬಗ್ಗೆ ಜಾಝ್ ಲೋಕದಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಜಗಳ ಅರ್ಥವಾಗಬೇಕಾದರೆ ಮೊದಲು ಸ್ವರಗಳ ವಿಷಯ ಸ್ವಲ್ಪ ತಿಳಿದಿರಬೇಕು. ನಮ್ಮ ಸಂಗೀತದಲ್ಲಿ ತಂಬೂರಿ ಹಿಡಿದ ಷಡ್ಜ ಕಚೇರಿ ಮುಗಿಯುವತನಕ ಅಲುಗುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಹಾಗಲ್ಲ. ಅಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಹೊರಡಿಸುವ ಸ್ವರಗುಚ್ಛಗಳು ಒಂದರ ಹಿಂದೊಂದು ಬರುತ್ತವೆ. ಅವುಗಳಿಗೆ ಕಾರ್ಡ್ ಎಂದು ಹೆಸರು. ಒಂದು ಗುಚ್ಛ ಊರಾದರೆ ಇನ್ನೊಂದು ಪ್ರಯಾಣ. ಬಿಳಿ ಒಂದು ಊರು ಎಂದಿಟ್ಟುಕೊಂಡರೆ, ಬಿಳಿ ಐದರ ಮೇಲೆ ಕಟ್ಟಿದ ಗುಚ್ಛ ಊರಿಗೆ ಹಿಂದಿರುಗುವ ಕೊನೆಯ ತಿರುವು. ಇದಕ್ಕೆ ಡಾಮಿನೆಂಟ್ ಎನ್ನುತ್ತಾರೆ. ಅದರಲ್ಲಿರುವುದು ಬಿಳಿ ಐದು, ಬಿಳಿ ಏಳು, ಬಿಳಿ ಎರಡು, ಬಿಳಿ ನಾಲ್ಕು. ಇವುಗಳಲ್ಲಿ ಬಿಳಿ ನಾಲ್ಕು ಮತ್ತು ಬಿಳಿ ಏಳನ್ನು ಒಟ್ಟಿಗೆ ಒತ್ತಿ ನೋಡಬೇಕು. ಕಿವಿಗೆ ನೆಮ್ಮದಿ ಇರುವುದಿಲ್ಲ. ಏಳು ಮೇಲಿನ ಒಂದಕ್ಕೆ ಏರಬೇಕೆಂದು, ನಾಲ್ಕು ಕೆಳಗಿನ ಮೂರಕ್ಕೆ ಇಳಿಯಬೇಕೆಂದು ಹಟ ಹಿಡಿಯುತ್ತವೆ. ಹಾಗೆ ಬಿಟ್ಟುಕೊಟ್ಟ ಕ್ಷಣದಲ್ಲಿ ಊರು ಮುಟ್ಟಿದ ಸಮಾಧಾನ. ಯುರೋಪಿನ ಸಂಗೀತ ಮೂರು ಶತಮಾನ ಈ ಒಂದು ಚಡಪಡಿಕೆಯನ್ನು ನೆಚ್ಚಿಕೊಂಡು ಬೆಳೆಯಿತು ಎಂದರೂ ತಪ್ಪಿಲ್ಲ.

ಜಾಝ್ ವಾದಕರು ಮಾಡಿದ್ದು ಈ ಚಡಪಡಿಕೆಯನ್ನು ಇನ್ನಷ್ಟು ಬಿಗಿಗೊಳಿಸುವುದು. ಬಿಳಿ ಐದರ ಗುಚ್ಛದಲ್ಲಿ ಚಡಪಡಿಸುವ ಎರಡು ಸ್ವರಗಳನ್ನೂ ಆಧಾರಸ್ವರವನ್ನೂ ಮುಟ್ಟದೆ ಹಾಗೆಯೇ ಇಟ್ಟರು. ಉಳಿದವುಗಳಲ್ಲಿ ಬಿಳಿ ಎರಡನ್ನು ತೆಗೆದುಹಾಕಿ ಅದರ ಎರಡು ಪಕ್ಕಗಳ ಕಪ್ಪು ಒಂದು, ಕಪ್ಪು ಎರಡನ್ನು ತಂದರು. ಬಿಳಿ ಆರನ್ನು ತೆಗೆದು ಅದರ ಅಕ್ಕಪಕ್ಕದ ಕಪ್ಪು ನಾಲ್ಕು, ಕಪ್ಪು ಐದನ್ನು ತಂದರು. ಹೀಗೆ ಎರಡು ಸ್ವರ ಒಡೆದು ನಾಲ್ಕಾದವು. ಈಗ ಬಿಳಿ ಐದರಿಂದ ಏರುತ್ತ ಹೋದರೆ ಸಿಗುವುದು: ಬಿಳಿ ಐದು, ಕಪ್ಪು ನಾಲ್ಕು, ಕಪ್ಪು ಐದು, ಬಿಳಿ ಏಳು, ಕಪ್ಪು ಒಂದು, ಕಪ್ಪು ಎರಡು, ಬಿಳಿ ನಾಲ್ಕು. ಇದೇ ಆಲ್ಟರ್ಡ್ ಸ್ಕೇಲ್. ಗುಚ್ಛದ ಎಲುಬು ಮೂರು ಬಿಳಿ ಮನೆಗಳಲ್ಲಿ, ಮಾರ್ಪಟ್ಟದ್ದೆಲ್ಲ ಕಪ್ಪು ಮನೆಗಳಲ್ಲಿ.

ಇದರ ಸೊಗಸು ತಿಳಿಯುವುದು ಊರಿಗೆ ಇಳಿಯುವಾಗ. ನಾಲ್ಕು ಕಪ್ಪು ಮನೆಗಳೂ ತಮ್ಮ ಕೆಳಪಕ್ಕದ ಬಿಳಿ ಮನೆಗೆ ಅರ್ಧ ಸ್ವರ ಜಾರಿದರೆ ಸಾಕು: ಬಿಳಿ ಒಂದು, ಎರಡು, ಐದು, ಆರು. ಜೊತೆಗೆ ಬಿಳಿ ನಾಲ್ಕು ಮೂರಕ್ಕೆ ಇಳಿಯುತ್ತದೆ. ಬಿಳಿ ಒಂದನ್ನು ಷಡ್ಜವಾಗಿ ಹಿಡಿದರೆ ಅದು ಸ ರಿ ಗ ಪ ದ, ನಮ್ಮ ಮೋಹನ ರಾಗದ ಐದು ಸ್ವರಗಳು. ಅಷ್ಟು ಗೊಂದಲದ ಕೊನೆಗೆ ಮೋಹನದ ಬೆಳಕು! ಇನ್ನು ಊರು ಮೈನರ್ ಆಗಿದ್ದರೆ ಕಪ್ಪು ಎರಡೂ ಕಪ್ಪು ನಾಲ್ಕೂ ಮೊದಲೇ ಆ ಊರಿನವರು. ಅವು ಜಾರಬೇಕಾಗಿಯೂ ಇಲ್ಲ.

ಕರ್ನಾಟಕ ಸಂಗೀತ ಬಲ್ಲವರು ಈ ಶ್ರೇಣಿಯನ್ನು ನೋಡಿದರೆ ಹುಬ್ಬು ಗಂಟಿಕ್ಕುವುದು ಖಂಡಿತ. ಬಿಳಿ ಐದನ್ನು ಷಡ್ಜ ಎಂದುಕೊಂಡರೆ ಇಲ್ಲಿ ಶುದ್ಧ ರಿಷಭವೂ ಇದೆ, ಷಟ್‌ಶ್ರುತಿ ರಿಷಭವೂ ಇದೆ. ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ದೈವತ, ಕೈಶಿಕಿ ನಿಷಾದ ಇವೆ. ಪಂಚಮವೇ ಇಲ್ಲ. ಷಡ್ಜ ಪಂಚಮಗಳು ಅಚಲ ಎಂದು ಹೇಳುವ ಶಾಸ್ತ್ರಕ್ಕೆ ಪಂಚಮವನ್ನೇ ಸೀಳಿ ಎರಡು ಮಾಡುವ ಪದ್ಧತಿ ಎಲ್ಲಿ ಒಗ್ಗೀತು? ವೆಂಕಟಮಖಿಯ 72 ಮೇಳಗಳಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಷಡ್ಜವನ್ನು ಬಿಳಿ ಐದರಿಂದ ಎತ್ತಿ ಪಕ್ಕದ ಕಪ್ಪು ನಾಲ್ಕರ ಮೇಲೆ ಕೂರಿಸಿದರೆ, ಅದೇ ಏಳು ಮನೆಗಳು ಸುಲಕ್ಷಣವಾದ 23ನೆಯ ಮೇಳ ಗೌರಿಮನೋಹರಿ ಆಗುತ್ತವೆ. ತ್ಯಾಗರಾಜರ 'ಗುರುಲೇಕ' ಕೃತಿಯ ರಾಗ ಅದು. ಪಾಶ್ಚಾತ್ಯರು ಮೆಲೋಡಿಕ್ ಮೈನರ್ ಎಂದು ಕರೆಯುವ ಶ್ರೇಣಿಯ ಆರೋಹಣವೂ ಅದೇ. ಅಂದರೆ ಆಲ್ಟರ್ಡ್ ಸ್ಕೇಲ್ ಎಂಬುದು ಗೌರಿಮನೋಹರಿಯ ನಿಷಾದದಿಂದ ಮಾಡಿದ ಗ್ರಹಭೇದ. ನಮ್ಮ ವಿದ್ವಾಂಸರು ಗೌರಿಮನೋಹರಿಯ ರಿಷಭ, ಮಧ್ಯಮ, ಪಂಚಮಗಳನ್ನು ಷಡ್ಜವಾಗಿಸಿ ನಾಟಕಪ್ರಿಯ, ವಾಚಸ್ಪತಿ, ಚಾರುಕೇಶಿಗಳನ್ನು ಪಡೆಯುತ್ತಾರೆ. ನಿಷಾದದಿಂದ ಹೊರಟರೆ ಮೇಳ ಸಿಗುವುದಿಲ್ಲವೆಂದು ಆ ಬಾಗಿಲನ್ನು ಮುಚ್ಚಿಬಿಡುತ್ತಾರೆ. ಜಾಝ್ ಹೊಕ್ಕಿದ್ದು ಆ ಬಾಗಿಲಿನಿಂದಲೇ. ಒಂದೇ ಷಡ್ಜವನ್ನು ನೆಚ್ಚಿದ ಸಂಗೀತಕ್ಕೆ ಅಲ್ಲಿ ನಿಲ್ಲಲು ನೆಲವಿಲ್ಲ. ಜಾಝ್‌ಗೆ ಅಲ್ಲಿ ನಿಲ್ಲುವ ಇರಾದೆಯೇ ಇರಲಿಲ್ಲ, ಒಂದೆರಡು ಮಾತ್ರೆಕಾಲ ಹಾದುಹೋದರೆ ಸಾಕಿತ್ತು.

ಈ ಸ್ವರಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆಕಾಶದಿಂದ ಉದುರಿದವೇನಲ್ಲ. ಶೋಪಾನನ ಪಿಯಾನೊ ಕೃತಿಗಳಲ್ಲಿ, ಡೆಬ್ಯುಸಿ ಮತ್ತು ರಾವೆಲ್‌ರ ರಚನೆಗಳಲ್ಲಿ ಇಂಥ ಮಾರ್ಪಟ್ಟ ಸ್ವರಗಳು ಧಾರಾಳವಾಗಿವೆ. ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಾರಿಕೆಯಲ್ಲಿ ಗಾಂಧಾರವನ್ನು ಕೋಮಲಕ್ಕೂ ತೀವ್ರಕ್ಕೂ ನಡುವೆ ಎಳೆದಾಡುವ ರೂಢಿ ಹಿಂದಿನಿಂದಲೂ ಇತ್ತು. ಪಿಯಾನೊದಲ್ಲಿ ಗಮಕ ಸಾಧ್ಯವಿಲ್ಲ. ಆದ್ದರಿಂದ ವಾದಕರು ಎರಡು ಗಾಂಧಾರಗಳನ್ನೂ ಒಟ್ಟಿಗೆ ಒತ್ತಿದರು. ಆಲ್ಟರ್ಡ್ ಸ್ಕೇಲ್‌ನ ಕಪ್ಪು ಐದು ಮತ್ತು ಬಿಳಿ ಏಳರ ಘರ್ಷಣೆ ಈ ಎರಡು ಗಾಂಧಾರಗಳ ಘರ್ಷಣೆಯೇ. (ಜಿಮಿ ಹೆಂಡ್ರಿಕ್ಸ್‌ನ 1967ರ 'ಪರ್ಪಲ್ ಹೇಝ್' ಕೇಳಿದವರಿಗೆ ಗಿಟಾರಿನ ಮೇಲೆ ಈ ನಾದದ ಪರಿಚಯ ಆಗಿಯೇ ಇರುತ್ತದೆ.)

1920ರ ದಶಕದ ಹಾರ್ಲೆಮ್‌ನಲ್ಲಿ ಪಿಯಾನೊ ಕಲಿಯುತ್ತಿದ್ದ ಬಗೆ ವಿಶಿಷ್ಟವಾದದ್ದು. ಆಗ ಕಾಗದದ ಸುರುಳಿಯಲ್ಲಿ ತೂತು ಕೊರೆದು ತಂತಾನೇ ನುಡಿಯುವ ಪಿಯಾನೊಗಳಿದ್ದವು. ಮನೆಗಳು ತಾವಾಗಿ ಕೆಳಗಿಳಿಯುತ್ತಿದ್ದವು. ಡ್ಯೂಕ್ ಎಲಿಂಗ್ಟನ್ ತರುಣನಾಗಿದ್ದಾಗ ಜೇಮ್ಸ್ ಪಿ. ಜಾನ್ಸನ್ನನ 'ಕೆರೊಲಿನಾ ಶೌಟ್' ಸುರುಳಿಯನ್ನು ನಿಧಾನವಾಗಿ ಓಡಿಸಿ, ಇಳಿಯುವ ಮನೆಗಳ ಮೇಲೆ ತನ್ನ ಬೆರಳಿಟ್ಟು ಅದನ್ನು ಕಲಿತದ್ದು ಪ್ರಸಿದ್ಧ ಸಂಗತಿ. ಓಹಾಯೋದ ಟೊಲೀಡೊದಲ್ಲಿ 1909ರಲ್ಲಿ ಹುಟ್ಟಿದ ಆರ್ಟ್ ಟೇಟಮ್‌ಗೆ ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ. ಆತನೂ ಸುರುಳಿಗಳನ್ನೂ ರೇಡಿಯೋವನ್ನೂ ಕೇಳಿ ಕಲಿತ. ಜನ ಬಲ್ಲ ಹಾಡಿನ ಕೆಳಗೆ ಜನ ಕೇಳರಿಯದ ಗುಚ್ಛಗಳನ್ನು ಹಾಸುವುದರಲ್ಲಿ ಟೇಟಮ್‌ನನ್ನು ಮೀರಿಸಿದವರಿಲ್ಲ. ಮುಂದಿನ ತಲೆಮಾರಿನ ಕಿವಿ ತೆರೆದದ್ದು ಆತ. ಆದರೆ ಆತ ಬರೆದ ಪಾಠಪುಸ್ತಕ ಯಾವುದೂ ಇಲ್ಲ.

ಆ ಮುಂದಿನ ತಲೆಮಾರು ಸೇರುತ್ತಿದ್ದ ಜಾಗ ಹಾರ್ಲೆಮ್‌ನ 118ನೆಯ ಬೀದಿಯ ಮಿಂಟನ್ಸ್ ಪ್ಲೇಹೌಸ್. ಹೆನ್ರಿ ಮಿಂಟನ್ ಎಂಬ ಸ್ಯಾಕ್ಸೊಫೋನ್ ವಾದಕ 1938ರಲ್ಲಿ ತೆರೆದದ್ದು. 1940ರ ದಶಕದ ಆರಂಭದಲ್ಲಿ ಅಲ್ಲಿ ಥೆಲೋನಿಯಸ್ ಮಂಕ್ ಪಿಯಾನೊಗೆ, ಕೆನ್ನಿ ಕ್ಲಾರ್ಕ್ ಡ್ರಮ್ಸ್‌ಗೆ ಕೂರುತ್ತಿದ್ದರು. ದೊಡ್ಡ ಬ್ಯಾಂಡುಗಳ ದುಡಿಮೆ ಮುಗಿಸಿಕೊಂಡು ಡಿಝಿ ಗಿಲೆಸ್ಪಿ, ಚಾರ್ಲಿ ಪಾರ್ಕರ್ ಮೊದಲಾದವರು ರಾತ್ರಿ ಅಲ್ಲಿಗೆ ಬರುತ್ತಿದ್ದರು. ಮುಂದೆ ಬೀಬಾಪ್ ಎಂದು ಹೆಸರಾದ ಶೈಲಿ ಹುಟ್ಟಿದ ಕೊಟ್ಟಿಗೆಗಳಲ್ಲಿ ಇದೂ ಒಂದು. ಇದರ ಇತಿಹಾಸ ಬರೆಯಹೊರಟವರಿಗೆ ದೊಡ್ಡ ಅಡ್ಡಿಯೊಂದಿದೆ: 1942ರ ಆಗಸ್ಟ್‌ನಿಂದ 1944ರ ನವೆಂಬರ್‌ವರೆಗೆ ಸಂಗೀತಗಾರರ ಸಂಘ ಧ್ವನಿಮುದ್ರಣ ಕಂಪೆನಿಗಳ ವಿರುದ್ಧ ಮುಷ್ಕರ ಹೂಡಿತ್ತು. ಹೊಸ ಭಾಷೆ ಮಾತು ಕಲಿತ ವರ್ಷಗಳಲ್ಲೇ ತಟ್ಟೆಗಳು ಮೌನವಾಗಿವೆ.

ಗಿಲೆಸ್ಪಿ ನುಡಿಸುತ್ತಿದ್ದದ್ದು ಟ್ರಂಪೆಟ್. ಆದರೂ ಆತ ಹೊಸ ಗುಚ್ಛಗಳನ್ನು ತೋರಿಸಿಕೊಡುತ್ತಿದ್ದದ್ದು ಪಿಯಾನೊದ ಮೇಲೆ. ಯಾವ ವಾದ್ಯದವನಾದರೂ ಪಿಯಾನೊ ಕಲಿಯಬೇಕು ಎನ್ನುತ್ತಿದ್ದ. ಹ್ಯಾಮಿಲ್ಟನ್ ಟೆರೇಸ್‌ನಲ್ಲಿದ್ದ ಪಿಯಾನೊ ವಾದಕಿ ಮೇರಿ ಲೂ ವಿಲಿಯಮ್ಸ್‌ಳ ಮನೆ ಇನ್ನೊಂದು ಪಾಠಶಾಲೆ. ಬೆಳಗಿನ ಜಾವ ಕ್ಲಬ್ಬುಗಳು ಮುಚ್ಚಿದ ಮೇಲೆ ಮಂಕ್, ಬಡ್ ಪವೆಲ್, ಗಿಲೆಸ್ಪಿ ಮುಂತಾದವರು ಅಲ್ಲಿಗೆ ಬರುತ್ತಿದ್ದರು. ವಯಸ್ಸಿನಲ್ಲಿ ಹಿರಿಯಳಾದ ಆಕೆ ಅವರ ಹೊಸ ರಚನೆಗಳನ್ನು ಕೇಳುತ್ತಿದ್ದಳು, ತಿದ್ದುತ್ತಿದ್ದಳು. 63ನೆಯ ಬೀದಿಯಲ್ಲಿದ್ದ ಮಂಕ್‌ನ ಮನೆಯೂ ಹಾಗೆಯೇ. ಸನ್ನಿ ರೋಲಿನ್ಸ್ ಹುಡುಗನಾಗಿದ್ದಾಗ ಅಲ್ಲಿ ಅಭ್ಯಾಸಕ್ಕೆ ಹೋಗುತ್ತಿದ್ದ. ಸಂಗೀತದ ಕಾಲೇಜುಗಳು ಈ ಸಂಗೀತವನ್ನು ಸಂಗೀತವೆಂದೇ ಎಣಿಸದಿದ್ದ ಕಾಲ ಅದು. ಮೈಲ್ಸ್ ಡೇವಿಸ್ 1944ರಲ್ಲಿ ಜೂಲಿಯಾರ್ಡ್ ಸೇರಿದ, ಮಾರನೆಯ ವರ್ಷ ಬಿಟ್ಟ. ತನಗೆ ಬೇಕಾದದ್ದು ಕ್ಲಬ್ಬುಗಳಲ್ಲಿದೆ ಎಂಬುದು ಅವನಿಗೆ ಬೇಗ ತಿಳಿಯಿತು.

ಈ ಮನೆಪಾಠದಲ್ಲಿ ಕಲಿಯುತ್ತಿದ್ದದ್ದು ಶ್ರೇಣಿಗಳನ್ನಲ್ಲ, ಹಾದಿಗಳನ್ನು. ಬಿಳಿ ನಾಲ್ಕು ಮತ್ತು ಬಿಳಿ ಏಳರ ಚಡಪಡಿಕೆಯ ಜೋಡಿ ಇನ್ನೊಂದು ಡಾಮಿನೆಂಟ್ ಗುಚ್ಛದೊಳಗೂ ಇದೆ. ಅದು ಕಪ್ಪು ಒಂದರ ಮೇಲಿನದು. ಹಾಗಾದರೆ ಬಿಳಿ ಐದು ಬರಬೇಕಾದ ಕಡೆ ಕಪ್ಪು ಒಂದನ್ನು ಬಾರಿಸಿದರೂ ಊರು ಮುಟ್ಟಬಹುದಲ್ಲ! ಬೀಬಾಪ್‌ನವರು ಈ ಅಡ್ಡದಾರಿಯನ್ನು ದಿನನಿತ್ಯದ ಬಳಕೆಗೆ ತಂದರು. ಕಪ್ಪು ಒಂದನ್ನು ಷಡ್ಜವಾಗಿಸಿ ಅದರ ಮೇಲೆ ವಾಚಸ್ಪತಿಯ ಸ್ವರಗಳನ್ನು ಹಾಕಿ ನೋಡಿದರೆ, ಬಿಳಿ ಐದರ ಆಲ್ಟರ್ಡ್ ಸ್ಕೇಲ್‌ನ ಅದೇ ಏಳು ಮನೆಗಳು ಸಿಗುತ್ತವೆ. ಅಂದರೆ ಮೊದಲು ಬಂದದ್ದು ಅಡ್ಡದಾರಿಯ ಗುಚ್ಛ. ಅದು ಮುಖ್ಯದಾರಿಯ ಆಧಾರಸ್ವರದ ಮೇಲೆ ಕೂತಾಗ ಕೇಳಿಸುವ ಬಣ್ಣಕ್ಕೆ ಆಮೇಲೆ ಶ್ರೇಣಿ ಎಂದು ಹೆಸರಿಟ್ಟರು. ಪಾರ್ಕರ್ ಕಾಲದ ವಾದನದಲ್ಲಿ ಈ ಏಳೂ ಸ್ವರಗಳನ್ನು ಮೆಟ್ಟಿಲು ಹತ್ತಿದಂತೆ ಕ್ರಮವಾಗಿ ಏರಿಸಿದ್ದು ಅಪರೂಪ. ಎರಡು ಸ್ವರ, ಮೂರು ಸ್ವರಗಳ ತುಣುಕು, ಕೂಡಲೇ ಊರು.

ಈ ಭಾಷೆಯನ್ನು ಪಿಯಾನೊದ ಬಲಗೈಗೆ ತಂದವನು ಬಡ್ ಪವೆಲ್. 1924ರಲ್ಲಿ ಹುಟ್ಟಿದ, ಮಂಕ್‌ನ ಮೆಚ್ಚಿನ ಕಿರಿಯ. ಎಡಗೈ ಎರಡೇ ಸ್ವರ ಒತ್ತಿ ಸುಮ್ಮನಾಗುತ್ತದೆ. ಬಲಗೈ ಪಾರ್ಕರ್‌ನ ಸ್ಯಾಕ್ಸೊಫೋನಿನಂತೆ ಉದ್ದುದ್ದ ವಾಕ್ಯಗಳನ್ನಾಡುತ್ತದೆ. 1945ರಲ್ಲಿ ಫಿಲಡೆಲ್ಫಿಯಾದಲ್ಲಿ ಪೊಲೀಸರು ಅವನ ತಲೆಗೆ ಹೊಡೆದರು. ಅಲ್ಲಿಂದ ಮುಂದೆ ಆಸ್ಪತ್ರೆಗಳ ಸರಣಿ. 1947ರ ಕೊನೆಯಲ್ಲಿ ಸೇರಿದ ಕ್ರೀಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಅವನಿಗೆ ವಿದ್ಯುದಾಘಾತ ಚಿಕಿತ್ಸೆ ಕೊಟ್ಟರು. ಆಸ್ಪತ್ರೆಯ ಗೋಡೆಯ ಮೇಲೆ ಪಿಯಾನೊ ಮನೆಗಳನ್ನು ಬರೆದುಕೊಂಡು, ನೋಡಲು ಬಂದವರೆದುರು ಅದರ ಮೇಲೆ ಬೆರಳು ಊರಿ ಈ ಗುಚ್ಛ ಹೇಗಿದೆ ಎಂದು ಕೇಳುತ್ತಿದ್ದನೆಂಬ ಕಥೆ ಜಾಝ್ ಲೋಕದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಮಂಕ್‌ನ ಪಾಡೂ ಹಗುರವಾಗಿರಲಿಲ್ಲ. 1951ರಲ್ಲಿ ನ್ಯೂಯಾರ್ಕ್ ಪೊಲೀಸರು ಅವನ ಪರವಾನಗಿ ಚೀಟಿಯನ್ನು ಕಿತ್ತುಕೊಂಡರು. ಆ ಚೀಟಿಯಿಲ್ಲದೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. ಅದು ಮರಳಿ ಸಿಕ್ಕಿದ್ದು 1957ರಲ್ಲಿ. ಮುಂದೆ ಪಠ್ಯಕ್ರಮವಾದ ಜ್ಞಾನ ಹುಟ್ಟಿದ ಪರಿಸ್ಥಿತಿ ಇದು ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದು ಕಡಿಮೆ.

ಶ್ರೇಣಿಗಳ ಕಡೆಗೆ ತಿರುವು ಕೊಟ್ಟವನು ಜಾರ್ಜ್ ರಸಲ್. ಡ್ರಮ್ಸ್ ಬಿಟ್ಟು ಸ್ವರರಚನೆಗೆ ಇಳಿದವನು. ಕ್ಷಯದಿಂದ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ಆತನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಮೈಲ್ಸ್ ಡೇವಿಸ್ ತನಗೆ ಎಲ್ಲ ಕಾರ್ಡುಗಳನ್ನೂ ಕಲಿಯಬೇಕು ಎಂದಿದ್ದ. ಆಗಲೇ ಅಷ್ಟು ಬಲ್ಲವನು ಹಾಗೆನ್ನುವುದರ ಅರ್ಥವೇನು? ಪ್ರತಿ ಕಾರ್ಡಿಗೂ ಅತಿ ಹತ್ತಿರದ ನೆಂಟಸ್ತಿಕೆಯ ಒಂದು ಶ್ರೇಣಿ ಇದೆ, ಕಾರ್ಡು ಮತ್ತು ಶ್ರೇಣಿ ಒಂದೇ ವಸ್ತುವಿನ ಎರಡು ರೂಪ ಎಂದು ರಸಲ್ ಕಂಡುಕೊಂಡ. 1953ರಲ್ಲಿ ಅವನ 'ಲಿಡಿಯನ್ ಕ್ರೊಮ್ಯಾಟಿಕ್ ಕಾನ್ಸೆಪ್ಟ್' ಪ್ರಕಟವಾಯಿತು. ಜಾಝ್ ತನ್ನೊಳಗಿನಿಂದ ಹುಟ್ಟಿಸಿಕೊಂಡ ಮೊದಲ ದೊಡ್ಡ ಶಾಸ್ತ್ರಗ್ರಂಥ ಎಂದು ಇದನ್ನು ಎಣಿಸುತ್ತಾರೆ. ಅವನ ಪಟ್ಟಿಯಲ್ಲಿರುವ ಲಿಡಿಯನ್ ಆಗ್ಮೆಂಟೆಡ್ ಎಂಬ ಶ್ರೇಣಿ ಗೌರಿಮನೋಹರಿಯನ್ನು ಗಾಂಧಾರದಿಂದ ಹೊರಡಿಸಿದ್ದೇ. ಮತ್ತೆ ಅವೇ ಏಳು ಮನೆಗಳು. ರಸಲ್‌ನ ಜೊತೆ ದುಡಿದ ಪಿಯಾನೊ ವಾದಕ ಬಿಲ್ ಇವಾನ್ಸ್ 1959ರಲ್ಲಿ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಮುದ್ರಣದಲ್ಲಿ ಕೂತ. ಅದರಲ್ಲಿರುವ ಹತ್ತೇ ಆವರ್ತದ 'ಬ್ಲೂ ಇನ್ ಗ್ರೀನ್' ಕೇಳಿದರೆ ಆಲ್ಟರ್ಡ್ ಸ್ವರಗಳು ಚಡಪಡಿಕೆಯನ್ನು ಬಿಟ್ಟು ವಿಷಾದವನ್ನು ಹೇಗೆ ಉಟ್ಟುಕೊಂಡವು ಎಂಬುದು ತಿಳಿಯುತ್ತದೆ. ಡೆಬ್ಯುಸಿ, ರಾವೆಲ್‌ರನ್ನು ಅರಗಿಸಿಕೊಂಡ ಬೆರಳುಗಳು ಇವಾನ್ಸ್‌ನವು.

ಅಲ್ಲಿಂದ ಮುಂದಿನದು ಶಾಲೆಗಳ ಕಾಲ. ಲಾರೆನ್ಸ್ ಬರ್ಕ್ 1945ರಲ್ಲಿ ಬಾಸ್ಟನ್ನಿನಲ್ಲಿ ಆರಂಭಿಸಿದ ಶಿಲಿಂಗರ್ ಹೌಸ್, 1954ರಲ್ಲಿ ಆತನ ಮಗನ ಹೆಸರನ್ನು ತಿರುವಿ ಬರ್ಕ್ಲಿ ಆಯಿತು. ಮ್ಯಾಸಚೂಸೆಟ್ಸ್‌ನ ಲೆನಾಕ್ಸ್‌ನಲ್ಲಿ 1957ರಿಂದ 1960ರವರೆಗೆ ಬೇಸಗೆ ಶಾಲೆ ನಡೆಯಿತು. ಜೆರ್ರಿ ಕೋಕರ್‌ನ ಕೈಪಿಡಿ 1964ರಲ್ಲಿ ಬಂತು. ಇವೆಲ್ಲಕ್ಕಿಂತ ಹೆಚ್ಚು ಮನೆ ತಲುಪಿದ್ದು ಇಂಡಿಯಾನಾದ ಜೇಮಿ ಏಬರ್ಸೋಲ್ಡ್ 1967ರಿಂದ ಹೊರತಂದ ತಟ್ಟೆಗಳು. ಅವುಗಳಲ್ಲಿ ಪಕ್ಕವಾದ್ಯ ಮಾತ್ರ ಇರುತ್ತದೆ, ಮುಖ್ಯ ವಾದಕ ನೀವೇ. ಸ್ಟೀರಿಯೊದ ಒಂದು ಬದಿಯನ್ನು ಮುಚ್ಚಿದರೆ ಪಿಯಾನೊ ಮಾಯ. ಬಾಸ್ ಮತ್ತು ಡ್ರಮ್ಸ್ ಜೊತೆ ಹಳ್ಳಿಯ ಒಂಟಿ ಹುಡುಗನೂ ಅಭ್ಯಾಸ ಮಾಡಬಹುದು. ಜೊತೆಗೊಂದು ಶ್ರೇಣಿಗಳ ಪಟ್ಟಿ: ಈ ಕಾರ್ಡಿಗೆ ಈ ಶ್ರೇಣಿ. ಏಬರ್ಸೋಲ್ಡ್ ನಮ್ಮ ಶ್ರೇಣಿಯನ್ನು 'ಡಿಮಿನಿಶ್ಡ್ ಹೋಲ್‌ಟೋನ್' ಎಂದು ಕರೆದ. ಕೆಳಗಿನ ಅರ್ಧ ಅರ್ಧಸ್ವರ, ಪೂರ್ಣಸ್ವರಗಳ ಸರದಿಯಲ್ಲಿ ನಡೆದು, ಮೇಲಿನ ಅರ್ಧವೆಲ್ಲ ಪೂರ್ಣಸ್ವರಗಳಲ್ಲೇ ಏರುವುದರಿಂದ ಆ ಹೆಸರು. ಇನ್ನು ಕೆಲವರು ಸೂಪರ್ ಲೋಕ್ರಿಯನ್ ಎಂದರು. ಬಳಕೆಯಲ್ಲಿ ಗೆದ್ದದ್ದು ಆಲ್ಟರ್ಡ್ ಎಂಬ ಸುಲಭದ ಹೆಸರು. ಮಾರ್ಕ್ ಲೆವಿನ್‌ನ 1989ರ 'ದಿ ಜಾಝ್ ಪಿಯಾನೊ ಬುಕ್' ಅದನ್ನು ಜಗತ್ತಿನ ಪಿಯಾನೊ ಕೋಣೆಗಳಿಗೆಲ್ಲ ಮುಟ್ಟಿಸಿತು.

ಈ ಶಾಲೆಗಳ ಒಂದು ಎಳೆ ಬೆಂಗಳೂರಿಗೂ ಬಂದಿದೆ. ಬರ್ಕ್ಲಿಯಲ್ಲಿ ಪಾಠ ಹೇಳಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ, ಆರ್.ಎ. ರಮಾಮಣಿ ಅವರ ಗಾಯನದೊಡನೆ ವರ್ಷಗಟ್ಟಲೆ ನುಡಿಸಿದ. ಇವರ 'ಜ್ಯೋತಿ' ಧ್ವನಿಮುದ್ರಿಕೆ 1983ರದು. ಹನ್ನೆರಡು ಶ್ರುತಿಗಳಲ್ಲಿ ಕಾರ್ಡುಗಳ ಬೆನ್ನುಹತ್ತಿ ಪಳಗಿದವನು ಅಲುಗದ ಒಂದು ಷಡ್ಜದ ಮುಂದೆ ಕೂತು ಮತ್ತೆ ವಿದ್ಯಾರ್ಥಿಯಾದ. ಆ ಮುದ್ರಿಕೆಯಲ್ಲಿ ಕೇಳಬೇಕಾದದ್ದು ಅವನ ತಾಳ್ಮೆಯನ್ನು.

ಪಟ್ಟಿಯ ಪಾಠಕ್ಕೆ ಸಿಟ್ಟಿನಿಂದ ಎದುರು ನಿಂತವನು ಬ್ಯಾರಿ ಹ್ಯಾರಿಸ್. 1929ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ತಾಯಿಯ ಮನೆಯ ಪಿಯಾನೊ ಮುಂದೆ ಓರಗೆಯವರಿಗೆ ಪಾಠ ಹೇಳುತ್ತಿದ್ದವನು. 1960ರಲ್ಲಿ ನ್ಯೂಯಾರ್ಕಿಗೆ ಬಂದ. ಮಂಕ್ ತನ್ನ ಕೊನೆಯ ವರ್ಷಗಳನ್ನು ಕಳೆದ, ನ್ಯೂಜೆರ್ಸಿಯ ವೀಹಾಕನ್‌ನಲ್ಲಿದ್ದ ಪನ್ನೋನಿಕಾ ಎಂಬ ಸಿರಿವಂತ ಮಹಿಳೆಯ ಮನೆಯಲ್ಲೇ ಹ್ಯಾರಿಸ್‌ನದೂ ವಾಸ. ಒಮ್ಮೆ ಇಬ್ಬರೂ 'ಮೈ ಐಡಿಯಲ್' ಎಂಬ ಒಂದೇ ಹಾಡನ್ನು ಸರದಿಯ ಮೇಲೆ ಮತ್ತೆ ಮತ್ತೆ ನುಡಿಸುತ್ತ ಕೂತದ್ದನ್ನು ಹ್ಯಾರಿಸ್ ಮುಂದೆ ನೆನೆಸಿಕೊಳ್ಳುತ್ತಿದ್ದ. ಮಂಕ್ 1982ರಲ್ಲಿ ತೀರಿಕೊಂಡ. ಅದೇ ವರ್ಷ ಹ್ಯಾರಿಸ್ ಎಂಟನೆಯ ಅವೆನ್ಯೂದಲ್ಲಿ ಜಾಝ್ ಕಲ್ಚರಲ್ ಥಿಯೇಟರ್ ತೆರೆದ. ಅದು 1987ರವರೆಗೆ ನಡೆಯಿತು. ಆ ಬಳಿಕ ಬಾಡಿಗೆ ಸಭಾಂಗಣಗಳಲ್ಲಿ ಅವನ ವಾರದ ತರಗತಿಗಳು ದಶಕಗಳ ಕಾಲ ನಡೆದವು. ಯಾರು ಬೇಕಾದರೂ ಬರಬಹುದಿತ್ತು.

ಹ್ಯಾರಿಸ್‌ನ ಆಕ್ಷೇಪ ಸರಳವಾದದ್ದು. ಪ್ರತಿ ಕಾರ್ಡಿಗೂ ಒಂದು ಶ್ರೇಣಿ ಅಂಟಿಸಿದರೆ ಹುಡುಗನಿಗೆ ಮನೆಗಳು ಸಿಗುತ್ತವೆ, ನಡಿಗೆ ಸಿಗುವುದಿಲ್ಲ. ಬಡ್ ಪವೆಲ್ ಮತ್ತು ಪಾರ್ಕರ್ ಹಾಗೆ ಯೋಚಿಸಿದವರಲ್ಲ. ತನ್ನ ಪಾಠದಲ್ಲಿ ಆತ ಆಲ್ಟರ್ಡ್ ಸ್ಕೇಲ್ ಎಂಬ ಮಾತನ್ನೇ ದೂರವಿಟ್ಟ. ಬಿಳಿ ಐದರ ಮೇಲೆ ಕಪ್ಪು ನಾಲ್ಕರ ಮೈನರ್ ನುಡಿಸಿ ಎನ್ನುತ್ತಿದ್ದ. ಅದೇ ಗೌರಿಮನೋಹರಿಯ ಏಳು ಸ್ವರಗಳಿಗೆ ಬಿಳಿ ಮೂರನ್ನು ಸೇರಿಸಿ ಎಂಟು ಮಾಡುತ್ತಿದ್ದ. ಹೀಗೆ ಎಂಟಾದಾಗ ಒಂದು ಬಿಟ್ಟು ಒಂದು ಮನೆ ಒತ್ತಿದರೆ ಒಮ್ಮೆ ನಿಂತ ಗುಚ್ಛ, ಮರುಹೆಜ್ಜೆಗೆ ಚಡಪಡಿಸುವ ಗುಚ್ಛ, ಮತ್ತೆ ನಿಂತದ್ದು. ಎಡಗಾಲು, ಬಲಗಾಲು. ಕಾಗದದ ಮೇಲೆ ನೋಡಿದರೆ ಪುಸ್ತಕದವರಿಗೂ ಹ್ಯಾರಿಸ್‌ಗೂ ಒಂದೇ ಸ್ವರದ ವ್ಯತ್ಯಾಸ; ಕಿವಿಗೆ ಅದು ಚಿಕ್ಕದಲ್ಲ. ಇದಕ್ಕೂ ಹಿಂದೆ ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಕುರುಡು ವಾದಕ ಲೆನ್ನಿ ಟ್ರಿಸ್ಟಾನೊ ಇನ್ನೊಂದು ಕಟ್ಟುಪಾಡು ಮಾಡಿದ್ದ: ಲೆಸ್ಟರ್ ಯಂಗ್‌ನ ಅಥವಾ ಪಾರ್ಕರ್‌ನ ವಾದನವನ್ನು ತಟ್ಟೆಯ ಜೊತೆ ಸ್ವರ ತಪ್ಪದೆ ಹಾಡಿದ ಮೇಲೆಯೇ ವಾದ್ಯ ಮುಟ್ಟಬೇಕು. ಬಾಯಲ್ಲಿ ಬಾರದ್ದು ಬೆರಳಲ್ಲಿ ಬಾರದು ಎಂಬ ಈ ನಿಯಮ ನಮ್ಮ ಪಾಠಾಂತರಕ್ಕೆ ಬಲು ಹತ್ತಿರದ್ದು.

ಹಾಗೆಂದು ಪಟ್ಟಿಯವರನ್ನು ಜರೆಯುವುದೂ ಸಲ್ಲ. ಮಿಂಟನ್ಸ್‌ನ ಬಾಗಿಲಿಗೆ ಹೋಗಲಾರದ ಲಕ್ಷಾಂತರ ಮಂದಿಗೆ ಬಾಗಿಲು ತೆರೆದದ್ದು ಅವರು. ಈಗಿನ ಅಭ್ಯಾಸದ ಕ್ರಮದಲ್ಲಿ ಎರಡೂ ಬೆರೆತಿವೆ. ವಿದ್ಯಾರ್ಥಿ ಎಡಗೈಯಲ್ಲಿ ಬಿಳಿ ನಾಲ್ಕು, ಬಿಳಿ ಏಳು ಒತ್ತಿ ಹಿಡಿಯುತ್ತಾನೆ. ಆಧಾರಸ್ವರ ಬೇಡ, ಅದು ಬಾಸ್ ವಾದಕನ ಪಾಲು. ಬಲಗೈಯಲ್ಲಿ ಕಪ್ಪು ಎರಡು, ಬಿಳಿ ಐದು, ಕಪ್ಪು ಐದು. ಇದು ತನ್ನಷ್ಟಕ್ಕೆ ನೋಡಿದರೆ ಸೀದಾ ಸಾದಾ ಮೇಜರ್ ಗುಚ್ಛ. ಎಡಗೈಯ ಮೇಲೆ ಕೂತಾಗ ಮಾತ್ರ ಖಾರ ಏರುತ್ತದೆ. ಕಪ್ಪು ಒಂದು, ಬಿಳಿ ನಾಲ್ಕು, ಕಪ್ಪು ನಾಲ್ಕು ಎಂಬ ಇನ್ನೊಂದು ಮೇಜರ್ ಗುಚ್ಛವೂ ಈ ಶ್ರೇಣಿಯೊಳಗ ಅಡಗಿದೆ. ಇವೆರಡನ್ನೂ ಊರಿನ ಗುಚ್ಛಕ್ಕೆ ಇಳಿಸಿ, ಮತ್ತೆ ಏರಿಸಿ, ಬೆರಳಿಗೆ ಕೂತ ಮೇಲೆ ಅರ್ಧ ಸ್ವರ ಮೇಲಿನ ಶ್ರುತಿಗೆ ಹೋಗಬೇಕು. ಅಲ್ಲಿ ಕಪ್ಪು ಬಿಳಿಯ ಈ ಅಂದವಾದ ಹಂಚಿಕೆ ಕೆಡುತ್ತದೆ, ಬೆರಳು ತಡವರಿಸುತ್ತದೆ, ಕಣ್ಣನ್ನು ಬಿಟ್ಟು ಕಿವಿಯನ್ನೇ ನೆಚ್ಚಬೇಕಾಗುತ್ತದೆ. ಹನ್ನೆರಡು ಶ್ರುತಿ ಮುಗಿಯುವಾಗ ತಿಂಗಳುಗಳು ಕಳೆದಿರುತ್ತವೆ. ಅಲ್ಲಿಗೆ ಸಂಗೀತ ಇನ್ನೂ ಆರಂಭವಾಗಿರುವುದಿಲ್ಲ. ಶ್ರೇಣಿಯ ಏಳರಲ್ಲಿ ಯಾವ ಐದನ್ನು ನುಡಿಸದೆ ಬಿಡಬೇಕೆಂದು ತಿಳಿಯಲು ಪವೆಲ್‌ನ ತಟ್ಟೆಗಳ ಮುಂದೆ ಕೂರಲೇಬೇಕು.

2020ರಲ್ಲಿ ಕೋವಿಡ್‌ನಿಂದ ನ್ಯೂಯಾರ್ಕ್ ಬಾಗಿಲು ಹಾಕಿದಾಗ ಹ್ಯಾರಿಸ್‌ಗೆ ತೊಂಬತ್ತು ದಾಟಿತ್ತು. ಆತ ಪಾಠವನ್ನು ಕಂಪ್ಯೂಟರ್ ಪರದೆಗೆ ಸಾಗಿಸಿದ. ಬೇರೆ ಬೇರೆ ದೇಶಗಳ ಮಂದಿ ತಮ್ಮ ತಮ್ಮ ಮನೆಗಳಿಂದ ಆ ತರಗತಿಗೆ ಸೇರಿಕೊಂಡರು. ಅದೇ ಕಾಯಿಲೆಯ ತೊಡಕುಗಳಿಂದ 2021ರ ಡಿಸೆಂಬರ್ 8ರಂದು, 92 ತುಂಬಲು ಒಂದು ವಾರವಿರುವಾಗ, ಆತ ನ್ಯೂಜೆರ್ಸಿಯಲ್ಲಿ ತೀರಿಕೊಂಡ. ಅವನ ಶಿಷ್ಯರು ಈಗಲೂ ಬಿಳಿ ಐದರ ಮೇಲೆ ಕಪ್ಪು ನಾಲ್ಕರ ಮೈನರ್ ಎಂದೇ ಹೇಳಿಕೊಡುತ್ತಾರೆ.